ಅಟ್ಟಕ್ಕೇರಿದ ಗೊಬ್ಬರದ ಡಬ್ಬ

"ಇವತ್ತಿಂದ ಈ ಮನೆಯಿಂದ ಒಂದು ಬಾಳೆಹಣ್ಣಿನ ಸಿಪ್ಪೆ ಕೂಡ ಆಚೆ ಹೋಗಕೂಡದು" ಎಂದು ಬಿಳಿಗೆರೆಯ ಪರಮಶಿವಯ್ಯನವರು ಕಾಫಿ ಲೋಟ ಕುಕ್ಕಿ ಘೋಷಿಸಿದರು. ಆಗಷ್ಟೇ ಮೊಬೈಲಿನಲ್ಲಿ ಎರಡು ವಿಡಿಯೊ ನೋಡಿ ಮುಗಿಸಿದ್ದರು. ಎರಡು ವಿಡಿಯೊ ನೋಡಿದ ಮೇಲೆ ಪರಮಶಿವಯ್ಯನವರಿಗೆ ಗೊತ್ತಿಲ್ಲದ ವಿಷಯ ಈ ಭೂಮಂಡಲದಲ್ಲಿ ಉಳಿಯುತ್ತಿರಲಿಲ್ಲ. ಹಿಂದೊಮ್ಮೆ ಹೀಗೇ ನೋಡಿ ಮಿಕ್ಸಿ ರಿಪೇರಿ ಮಾಡಿದ್ದರು. ಆ ಮಿಕ್ಸಿ ಈಗಲೂ ಮನೆಯಲ್ಲಿದೆ. ಗಾಳಿಗೆ ಬಾಗಿಲು ಹಾಕಿಕೊಳ್ಳದಂತೆ ಅದನ್ನು ಅಡ್ಡ ಇಡುತ್ತಾರೆ.

"ಆಚೆ ಎಲ್ಲಿ ಹೋಗ್ತದೆ? ಹಿತ್ತಲ ತಿಪ್ಪೆಗೆ ತಾನೆ ಹೋಗೋದು" ಎಂದರು ಅವರ ಹೆಂಡತಿ ಮೀನಾಕ್ಷಮ್ಮ.

"ಅದು ತಿಪ್ಪೆ ಕಣೇ. ನಾನು ಹೇಳ್ತಿರೋದು ಕಾಂಪೋಸ್ಟು."

"ಎರಡಕ್ಕೂ ಏನ್ರೀ ವ್ಯತ್ಯಾಸ?"

"ಕಾಂಪೋಸ್ಟಿಗೆ ಡಬ್ಬ ಇರ್ತದೆ."

ಡಬ್ಬದ ಜಗಳಕ್ಕೆ ಮೀನಾಕ್ಷಮ್ಮನವರಿಗೀಗ ಪುರುಸೊತ್ತಿರಲಿಲ್ಲ. ದಂಡಿನಶಿವರದ ತವರಿನಲ್ಲಿ ಅಣ್ಣನ ಮಗಳು ಇಂಪನಾಳ ಮದುವೆ. ಸೋದರತ್ತೆಯಾಗಿ ಹುಡುಗಿಯ ಮಡಿಲು ತುಂಬಬೇಕಾದವರು ಇವರು. ಅದಕ್ಕೆ ಬೇಕಾದ ಉಂಡೆ ಕೊಬ್ಬರಿ ಅಡುಗೆಮನೆಯ ಅಟ್ಟದ ಮೇಲೆ ಕಳೆದ ವರ್ಷದಿಂದ ಸಿಪ್ಪೆ ಸಮೇತ ಒಣಗುತ್ತಿತ್ತು. ಅಣ್ಣ ಕೊಟ್ಟ ಸಸಿಗಳನ್ನು ತಂದು ನೆಟ್ಟು, ಬಿಂದಿಗೆಯಲ್ಲಿ ನೀರು ಹೊತ್ತು ಬೆಳೆಸಿದ ಮರಗಳ ಕಾಯಿ ಅವು. ಅಣ್ಣನ ಸಸಿಯ ಕೊಬ್ಬರಿ ಅಣ್ಣನ ಮಗಳ ಮಡಿಲಿಗೇ ಬೀಳುತ್ತದೆ ಎಂದು ನೆನೆದಾಗಲೆಲ್ಲ ಮೀನಾಕ್ಷಮ್ಮನವರಿಗೆ ಕಣ್ಣು ತುಂಬಿ ಬರುತ್ತಿತ್ತು.

"ಹಪ್ಪಳ ಸಂಡಿಗೆ ಮಾಡೋಕೆ ಅಂತ ನಾನು ತಿಂಗಳು ಮುಂಚೇನೇ ಊರಿಗೆ ಹೋಗ್ತೀನಿ. ಮದುವೆ ಹಿಂದಿನ ದಿನ ಬಂದು ಕಾಯಿ ಸುಲಿಸ್ಕೊಂಡು ಹೋಗ್ತೀನಿ. ಅಲ್ಲೀಗಂಟ ಅಟ್ಟದ ಕಾಯಿ ಮುಟ್ಟಬೇಡಿ" ಎಂದರು.

"ನಾನ್ಯಾಕೆ ಮುಟ್ಲಿ?"

ಈ ಮಾತಿಗೆ ಪರಮಶಿವಯ್ಯನವರು ತಪ್ಪಲಿಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ಕಾಯಿಗಳನ್ನು ಅವರು ಬೆರಳ ತುದಿಯಿಂದಲೂ ಮುಟ್ಟಲಿಲ್ಲ.

ಹೆಂಡತಿಯನ್ನು ಬಸ್ಸು ಹತ್ತಿಸಿದವರೇ ತಿಪಟೂರಿನ ಅಂಗಡಿಯೊಂದಕ್ಕೆ ದಿಗ್ವಿಜಯಕ್ಕೆ ಹೊರಟರು. ಅಂಗಡಿಯ ಶಿವರಾಜು ಬಗೆಬಗೆಯ ಡಬ್ಬಗಳನ್ನು ಸಾಲಾಗಿ ಇಟ್ಟ. ಪರಮಶಿವಯ್ಯನವರು ಒಂದೊಂದನ್ನೂ ಎತ್ತಿ, ಕಾಯಿ ಬಲಿತಿದೆಯೇ ಎಂದು ನೋಡುವಂತೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಖಾಲಿ ಡಬ್ಬ ಏನು ಹೇಳೀತು? ಆದರೂ ಇವರು ಗಂಭೀರವಾಗಿ ತಲೆದೂಗಿದರು.

"ಇದು ತಗಳಿ ಸಾರ್, ಕೆಳಗಡೆ ನಲ್ಲಿ ಐತೆ."

"ನಲ್ಲಿ ಯಾಕಯ್ಯ? ನಾನೇನು ಪಾನಕ ಹಂಚ್ತೀನಾ?"

"ಕಸದಿಂದ ರಸ ಇಳೀತದೆ ಸಾರ್. ಹಿಡ್ಕಂಡು ಗಿಡಕ್ಕೆ ಹಾಕಬೋದು."

"ರಸ ಇಳಿಸೋಕೆ ಇದೇನು ಬೇಳೆ ಸಾರಾ?"

ಶಿವರಾಜು ಉರುಳುವ ಡ್ರಮ್ಮು ತೋರಿಸಿದ. ದಿನಾ ತಿರುಗಿಸಬೇಕು ಎಂದ. "ನಾನೇನು ಗಾಣದ ಎತ್ತಾ?" ಎಂದು ಅದನ್ನೂ ತಳ್ಳಿಹಾಕಿದರು. ಒಂದರ ಮೇಲೊಂದು ಕೂರಿಸಿದ ಮಣ್ಣಿನ ಮಡಕೆಗಳನ್ನು ತೋರಿಸಿದಾಗ, "ಮಡಕೆ ನನ್ನ ತಿಥಿಗೆ ತರ್ತಾರೆ ಬುಡು" ಎಂದರು.

ಕೊನೆಗೆ ಅವರ ಕೃಪಾದೃಷ್ಟಿ ಬಿದ್ದದ್ದು ಸುತ್ತಲೂ ತೂತು, ತಳದಲ್ಲೂ ತೂತು ಇದ್ದ ಒಂದು ಹಸಿರು ಡಬ್ಬದ ಮೇಲೆ. "ಇದು ಡಬ್ಬ ಅಂದ್ರೆ! ಗಾಳಿ ಆಡಬೇಕು ಕಣಯ್ಯ. ನಾವು ಕೊಬ್ಬರಿ ಮಾಡೋ ಜನ, ಗಾಳಿ ಅಂದ್ರೇನು ಅಂತ ನಮಗೆ ಗೊತ್ತು."

"ಅದರ ಕೆಳಗಿಡೋ ತಟ್ಟೆ ಬೇರೆ ಬತ್ತದೆ ಸಾರ್."

"ತಟ್ಟೆ ಮನೇಲಿ ಬೇಕಾದಷ್ಟವೆ. ಇದನ್ನ ಎಲ್ಲಿಡಬೇಕು, ಅಷ್ಟು ಹೇಳು."

"ಗಾಳಿ ಆಡೋ ಕಡೆ, ನೆರಳಲ್ಲಿ, ಮಳೆ ಬೀಳದಂಗೆ ಇಟ್ರೆ ಆಯ್ತು."

ಗಾಳಿ, ನೆರಳು, ಮಳೆ ಬೀಳದ ಜಾಗ. ಬೇರೆ ಸೀಮೆಯವರಾಗಿದ್ದರೆ ಜಗುಲಿ, ಬಾಲ್ಕನಿ ಎಂದೆಲ್ಲ ಯೋಚಿಸುತ್ತಿದ್ದರು. ತಿಪಟೂರು ಸೀಮೆಯಲ್ಲಿ ಹುಟ್ಟಿದವರ ಕಿವಿಗೆ ಈ ಮೂರು ಮಾತು ಒಟ್ಟಿಗೆ ಬಿದ್ದರೆ ಕತ್ತು ತಾನಾಗಿಯೇ ಮೇಲಕ್ಕೆ ಹೋಗುತ್ತದೆ. ಅಟ್ಟ!

ಏಣಿ ಹಾಕಿ, ಪಂಚೆ ಎತ್ತಿ ಕಟ್ಟಿ, ಪರಮಶಿವಯ್ಯನವರು ಆ ಡಬ್ಬವನ್ನು ಹೊತ್ತುಕೊಂಡು ಹೋಗಿ ಕಾಯಿಗಳ ರಾಶಿಯ ನೆತ್ತಿಯ ಮೇಲೆ ಪ್ರತಿಷ್ಠಾಪಿಸಿದರು. ತುಂಬಲು ಕಸಕ್ಕೇನೂ ಬರವಿರಲಿಲ್ಲ. ಹೆಂಡತಿ ಇಲ್ಲದ ಮನೆಯಲ್ಲಿ ಅವರು ಮಾಡಿದ ಅಡುಗೆಯಲ್ಲಿ ಮುಕ್ಕಾಲು ಭಾಗ ಒಲೆಯಿಂದ ನೇರವಾಗಿ ಡಬ್ಬಕ್ಕೇ ಹೋಗುತ್ತಿತ್ತು. ಕಸ ಬೇಗ ಕೊಳೆಯಲು ಹುಳಿ ಮಜ್ಜಿಗೆ ಹಾಕಿ ಎಂದು ಒಂದು ವಿಡಿಯೊ ಹೇಳಿತ್ತು, ಬೆಲ್ಲದ ನೀರು ಹಾಕಿ ಎಂದು ಇನ್ನೊಂದು. ಇವರು ಯಾರ ಮನಸ್ಸನ್ನೂ ನೋಯಿಸದೆ ಎರಡನ್ನೂ ಬಿಂದಿಗೆಗಟ್ಟಲೆ ಹೊಯ್ದು ಮುಚ್ಚಳ ಬಿಗಿದರು.

"ಕಾಂಪೋಸ್ಟು ಎಲ್ಲಿಟ್ಟಿದೀರಾ?" ಎಂದು ಮೀನಾಕ್ಷಮ್ಮ ಫೋನಿನಲ್ಲಿ ಕೇಳಿದರು.

"ಗಾಳಿ ಆಡೋ ಕಡೆ ಇಟ್ಟಿದೀನಿ."

"ಆಗಾಗ ತೆಗೆದು ನೋಡಿ ಮತ್ತೆ."

"ಕಾಯಿ ಕೊಬ್ಬರಿಯಾಗೋ ತನಕ ದಿನಾ ಯಾರಾದ್ರೂ ತೆಗೆದು ನೋಡ್ತಾರೇನೇ? ಇಟ್ಟು ಮರೀಬೇಕು."

ಹಿತ್ತಲಲ್ಲಿಟ್ಟಿರಬೇಕು ಎಂದುಕೊಂಡು ಮೀನಾಕ್ಷಮ್ಮ ಫೋನ್ ಇಟ್ಟರು. ಅವತ್ತು ಅಡುಗೆಮನೆಯಲ್ಲಿ ಊಟಕ್ಕೆ ಕೂತ ಪರಮಶಿವಯ್ಯನವರ ಬೋಳುನೆತ್ತಿಯ ಮೇಲೆ ತಣ್ಣಗೆ ಏನೋ ತೊಟ್ಟಿಕ್ಕಿತು. "ಇಲಿ ಕಾಟ" ಎಂದುಕೊಂಡು ಮಣೆಯನ್ನು ಪಕ್ಕಕ್ಕೆ ಎಳೆದುಕೊಂಡರು. ಮಾರನೆಯ ದಿನ ಅಲ್ಲಿಯೂ ತೊಟ್ಟಿಕ್ಕಿತು. ತಟ್ಟೆ ಹಿಡಿದು ಜಗುಲಿಗೆ ಹೋದರು. ಅಲ್ಲಿಯೇ ಕೂತು ಇಲಿ ಬೋನುಗಳ ಬಗ್ಗೆ ಎರಡು ವಿಡಿಯೊ ನೋಡಿದರು.

ಮದುವೆಯ ಹಿಂದಿನ ದಿನ ಮೀನಾಕ್ಷಮ್ಮ ಬಂದವರೇ ಏಣಿ ಹತ್ತಿದರು.

"ಏನ್ರೀ ಇದು?"

"ಕಾಂಪೋಸ್ಟು."

ಮೀನಾಕ್ಷಮ್ಮ ಒಂದು ಕಾಯಿ ಎತ್ತಿ ಕಿವಿಗೆ ಹಿಡಿದು ಅಲ್ಲಾಡಿಸಿದರು. ವರ್ಷ ತುಂಬಿದ ಕಾಯಿ ಒಳಗೆ ಗಡಗಡ ಎನ್ನಬೇಕು. ಅದು ಮೌನವಾಗಿತ್ತು. ಕೈಗೆ ಅಂಟಂಟು, ಮೂಗಿಗೆ ಹುಳಿ ವಾಸನೆ. ಕೆಳಗೆ ತಂದು ಸುಲಿದು ಚಿಪ್ಪು ಒಡೆದರು. ಒಳಗೆ ಕೊಬ್ಬರಿ ಕಪ್ಪಗೆ ಕೊಳೆತು, ಬೂಷ್ಟು ಹಿಡಿದಿತ್ತು. ಇನ್ನೊಂದು ಒಡೆದರು, ಮತ್ತೊಂದು ಒಡೆದರು. ರಾಶಿಯಲ್ಲಿ ಮಡಿಲಿಗೆ ಹಾಕುವಂಥದ್ದು ಒಂದೂ ಸಿಗಲಿಲ್ಲ.

"ನಾನು ಕಾಯಿ ಮುಟ್ಟಿಲ್ಲ ಕಣೇ" ಎಂದರು ಪರಮಶಿವಯ್ಯನವರು. ಗೊಬ್ಬರವಾದರೂ ಮಾನ ಉಳಿಸೀತು ಎಂದು ಡಬ್ಬವನ್ನು ಕೆಳಗಿಳಿಸಿದರು. ಇಳಿಸುವಾಗ ಅದು ಗಡಗಡ ಎಂದಿತು. ಕೆಳಗೆ ತಟ್ಟೆ ಇಡದೆ ಹೊಯ್ದ ನೀರೆಲ್ಲ ತಳದ ತೂತಿನಿಂದ ಕಾಯಿಗಳ ಮೇಲೆ ಇಳಿದುಹೋಗಿ, ಹೆಂಚಿನ ಕಾವಿಗೆ ಒಳಗಿನ ಕಸ ಗರಿಗರಿಯಾಗಿ ಒಣಗಿತ್ತು. ಅವರು ಸೀಯಿಸಿದ್ದ ಚಪಾತಿಗಳು ಸೀಯಿಸಿದ ದಿನದಂತೆಯೇ ಇದ್ದವು.

ಮೀನಾಕ್ಷಮ್ಮ ಏಣಿಯ ಬುಡದಲ್ಲಿ ಕುಸಿದು ಕೂತರು. "ನಾಳೆ ನಮ್ಮಣ್ಣನ ಮುಂದೆ ಬರಿಗೈಲಿ ನಿಂತ್ಕೊಳ್ಲಾ ನಾನು?" ಎಂದು ಸೆರಗನ್ನು ಕಣ್ಣಿಗೆ ಒತ್ತಿಕೊಂಡರು. ಪರಮಶಿವಯ್ಯನವರು ಮೊಬೈಲು ಕೈಗೆತ್ತಿಕೊಂಡರು. ಇದಕ್ಕೆ ಯಾವ ವಿಡಿಯೊ ನೋಡಬೇಕೆಂದು ಅವರಿಗೆ ತಿಳಿಯಲಿಲ್ಲ.

ಊರಲ್ಲಿ ಯಾರ ಮನೆಯಲ್ಲಿ ಕೇಳಿದರೂ ಕೊಬ್ಬರಿ ಕೊಡುತ್ತಿದ್ದರು. ಆದರೆ ಯಾಕೆ ಎಂದು ಕೇಳದೆ ಯಾರೂ ಕೊಡುತ್ತಿರಲಿಲ್ಲ. ಹಾಗಾಗಿ ಗಂಡ ಹೆಂಡತಿ ಇಬ್ಬರೂ ತಿಪಟೂರಿನ ರೈಲ್ವೆ ಸ್ಟೇಷನ್ನಿನ ಕಡೆ, ಗುರುತಿನವರು ಯಾರೂ ಸುಳಿಯದ ಒಂದು ದಿನಸಿ ಅಂಗಡಿ ಹುಡುಕಿಕೊಂಡು ಹೋದರು. ಪರಮಶಿವಯ್ಯನವರು ಟವಲನ್ನು ತಲೆಯ ಮೇಲೆ ಎಳೆದುಕೊಂಡಿದ್ದರು.

"ಉಂಡೆ ಕೊಬ್ಬರಿನಾ?" ಅಂಗಡಿಯವನು ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಈ ಕಡೆಯೋರು ಯಾರೂ ಅಂಗಡೀಲಿ ಕೊಬ್ಬರಿ ಕೇಳಲ್ಲ. ಯಾವೂರಾಯ್ತು ಸಾರ್ ತಮ್ದು?"

ಹುಟ್ಟಿದಾಗಿನಿಂದ ತೆಂಗಿನ ನೆರಳು ಬಿಟ್ಟು ಮಲಗದ ಪರಮಶಿವಯ್ಯನವರು ತಕ್ಕಡಿಯನ್ನು ನೋಡುತ್ತಾ, "ಮೈಸೂರು ಕಡೆ" ಎಂದರು.

"ಅದೇ ಅನ್ಕಂಡೆ. ಏನು ಕೆಲಸ ಯಜಮಾನ್ರದು?"

ಅವರು ಟವಲನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಳ್ಳುತ್ತಿರುವಾಗಲೇ, ಕೊಬ್ಬರಿಯನ್ನು ಸೆರಗಿನಲ್ಲಿ ಒರೆಸಿ ಚೀಲಕ್ಕೆ ಹಾಕಿಕೊಳ್ಳುತ್ತಿದ್ದ ಮೀನಾಕ್ಷಮ್ಮ ತಲೆ ಎತ್ತದೆ ಹೇಳಿದರು:

"ಕೊಬ್ಬರೀಲಿ ಗೊಬ್ಬರ ಮಾಡ್ತಾರೆ ಕಣಪ್ಪ."