ಹಾಲ್‌ನಲ್ಲಿ ಹಾಡು, ಅಡುಗೆಮನೆಯಲ್ಲಿ ಮಾತು

ಸಿನಿಮಾದವರು ಪ್ರೀತಿಯ ಮಾತನ್ನು ಪಿಸುಗುಟ್ಟಿ, ಡೋಲನ್ನು ಹೆಂಚು ಹಾರುವಂತೆ ಬಾರಿಸುತ್ತಿರುವವರೆಗೆ ನನ್ನ ಅಂಗಡಿಗೆ ಜನ ಬರುವುದು ತಪ್ಪುವುದಿಲ್ಲ. ಮೂಡಿಗೆರೆ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಟಿವಿ ರಿಪೇರಿ ಅಂಗಡಿ. ಎಲ್ಲರದೂ ಒಂದೇ ದೂರು. ಮಾತಿಗೆ ಅಂತ ಸೌಂಡ್ ಏರಿಸಿದರೆ ಹಾಡಿಗೆ ಮನೆಯವರೆಲ್ಲ ಬೆಚ್ಚಿಬೀಳುತ್ತಾರೆ. ಹಾಡಿಗೆ ಇಳಿಸಿದರೆ ನಾಯಕ ಯಾಕೆ ಅತ್ತ ಅಂತಲೇ ತಿಳಿಯುವುದಿಲ್ಲ.

ಸಾಹುಕಾರರಿಗೊಂದು ಸೆಟ್ಟಿಂಗ್

ಗೋಣಿಬೀಡಿನ ಕಡೆಯ ಎಸ್ಟೇಟ್ ಸಾಹುಕಾರರ ಮನೆಯಲ್ಲಿ ಗಂಡ ಹೆಂಡತಿಗೆ ದಿನಾ ರಿಮೋಟಿನ ಜಗಳ. ನಾನು ಹೋಗಿ ಮಾತನ್ನು ಎತ್ತಿ, ಗದ್ದಲವನ್ನು ತಗ್ಗಿಸುವ ಸೆಟ್ಟಿಂಗ್ ಹುಡುಕಿ ಒತ್ತಿದೆ. ಪಿಸುಮಾತೂ ಕೇಳಿಸಿತು, ಬಾಂಬೂ ಮರ್ಯಾದೆಯಿಂದ ಸಿಡಿಯಿತು.

"ಇದು ಟಿವಿಗೆ ಮಾತ್ರ ಇರೋದಾ?" ಅಂದರು ಅಮ್ಮಾವ್ರು.

"ಯಾಕಮ್ಮ?"

"ನಮ್ಮ ಮನೆಯವ್ರಿಗೂ ಒಂದು ಹಾಕಿಕೊಡಿ. ಮೇಸ್ತ್ರಿ ಹತ್ರ ಮಾತಾಡಿದ್ರೆ ಗೇಟಿನವರೆಗೂ ಕೇಳ್ಸುತ್ತೆ. ತವರಿಗೆ ಯಾವಾಗ ಹೋಗೋಣ ಅಂತ ನಾನು ಕೇಳಿದ್ರೆ ತುಟಿ ಮಾತ್ರ ಅಲ್ಲಾಡುತ್ತೆ."

ಸಾಹುಕಾರರು ಏನೋ ಅಂದರು. ನನಗೂ ಕೇಳಿಸಲಿಲ್ಲ.

ಗೋಡೆಯಾಚೆಯ ಪ್ರೇಕ್ಷಕಿ

ಬಣಕಲ್‌ನಲ್ಲಿ ಒಂದೇ ಗೋಡೆಗೆ ಅಂಟಿಕೊಂಡ ಎರಡು ಮನೆ. ಒಂದರಲ್ಲಿ ರಿಟೈರಾದ ಮೇಷ್ಟ್ರು, ಇನ್ನೊಂದರಲ್ಲಿ ಜೀಪ್ ಮೆಕ್ಯಾನಿಕ್ ಸಂಸಾರ. ಪಕ್ಕದವರಿಗೆ ತೊಂದರೆ ಬೇಡವೆಂದು ಮೇಷ್ಟ್ರು ನನ್ನಿಂದ ಹೆಡ್‌ಫೋನ್ ಹಾಕಿಸಿಕೊಂಡರು. ಮರುವಾರ ಮೆಕ್ಯಾನಿಕ್ ಹೆಂಡತಿ ಅಂಗಡಿಗೆ ಬಂದರು. ಥ್ಯಾಂಕ್ಸ್ ಹೇಳಲು ಬಂದರೇನೋ ಅಂದುಕೊಂಡೆ.

"ಎಂಥ ಕೆಲ್ಸ ಮಾಡಿದ್ರಿ ಅಣ್ಣ! ದಿನಾ ಸಂಜೆ ರೊಟ್ಟಿ ತಟ್ಟುತ್ತಾ ಮೇಷ್ಟ್ರ ಸಿನಿಮಾ ಕೇಳ್ತಿದ್ದೆ. ಮೊನ್ನೆ ಅರ್ಧದಲ್ಲೇ ನಿಂತೋಯ್ತು. ಕಳೆದುಹೋದ ತಂಗಿ ಸಿಕ್ಕಿದ್ಲೋ ಇಲ್ವೋ?"

"ಮೇಷ್ಟ್ರನ್ನೇ ಕೇಳ್ಬಹುದಿತ್ತಲ್ಲ?"

"ಕೇಳ್ದೆ. ಹೆಡ್‌ಫೋನ್ ಹಾಕ್ಕೊಂಡಿದ್ರು. 'ಈಗ ಬೇಡಮ್ಮ, ಆಮೇಲೆ ಊಟ ಮಾಡ್ತೀನಿ' ಅಂದ್ರು!"

ಒಳಗಿನಿಂದ ಬಂದ ಉತ್ತರ

ಮೂಡಿಗೆರೆಯ ದಿನಸಿ ಅಂಗಡಿ ಯಜಮಾನರು ಮನೆಗೆ ಐದು ಸ್ಪೀಕರಿನ ಸೆಟ್ ತಂದಿದ್ದರು. "ಹಾಡು ಬರುತ್ತೆ, ಮಾತೇ ಬರಲ್ಲ ಮಾರಾಯ" ಅಂತ ನನ್ನನ್ನು ಕರೆದರು. ಹೋಗಿ ನೋಡಿದರೆ, ಮಾತು ಹೊರಡುವ ನಡುವಿನ ಸ್ಪೀಕರೇ ಜಾಗದಲ್ಲಿಲ್ಲ. ಅಡುಗೆ ಮಾಡುತ್ತಾ ಕೇಳಲೆಂದು ಅವರ ಹೆಂಡತಿ ಉದ್ದ ವೈರ್ ಎಳೆಸಿ ಅದನ್ನು ಅಡುಗೆಮನೆಯ ಶೆಲ್ಫಿನಲ್ಲಿ ಇಟ್ಟುಕೊಂಡಿದ್ದರು.

ಪರೀಕ್ಷೆಗೆಂದು ಒಂದು ಸಿನಿಮಾ ಹಾಕಿದ್ದೆನಷ್ಟೇ, ಗೇಟಿನಲ್ಲಿ ಕಾರು ನಿಂತಿತು. ಮಗಳನ್ನು ನೋಡಲು ಗಂಡಿನವರು ಹೇಳಿದ್ದಕ್ಕಿಂತ ಬೇಗ ಬಂದುಬಿಟ್ಟಿದ್ದರು! ಗಡಿಬಿಡಿಯಲ್ಲಿ ಟಿವಿ ಆರಿಸಲು ಯಾರಿಗೂ ನೆನಪಾಗಲಿಲ್ಲ; ಹಾಡು ಇನ್ನೂ ಶುರುವಾಗದೆ ಹಾಲ್‌ನಲ್ಲಿ ಸದ್ದೇ ಇರಲಿಲ್ಲವಲ್ಲ. ಹುಡುಗ, ಅವನ ಅಪ್ಪ ಅಮ್ಮ, ಅಜ್ಜಿ ಎಲ್ಲರೂ ಟಿವಿಗೆ ಬೆನ್ನು ಹಾಕಿ ಕೂತರು. ನಾನು ಸ್ಕ್ರೂ ಡ್ರೈವರ್ ಹಿಡಿದು ಮೂಲೆಯಲ್ಲಿ ನಿಂತೆ.

"ನಮ್ಮ ಹುಡುಗಿ ಬಹಳ ಮೆದು" ಎಂದು ಯಜಮಾನರು ಶುರು ಮಾಡಿದರು.

ಅಡುಗೆಮನೆಯಿಂದ ಹೆಣ್ಣುದನಿ ಗುಡುಗಿತು: "ನನಗೆ ಈ ಮದುವೆ ಬೇಡ! ಅವನ ಮುಖ ಕಂಡ್ರೆ ಮೈ ಉರಿಯುತ್ತೆ!"

ಹುಡುಗನ ಕೈಯ ಚಕ್ಕುಲಿ ಬಾಯಿಯ ಹತ್ತಿರವೇ ನಿಂತಿತು. ಅವನ ತಾಯಿ ತಟ್ಟೆ ಕೆಳಗಿಟ್ಟರು. ಅಷ್ಟರಲ್ಲಿ ಒಳಗಿಂದ ಗಂಡುದನಿ: "ಬಾ, ಹಿಂದಿನ ಬಾಗಿಲಿಂದ ಓಡಿಹೋಗೋಣ!"

"ನಡೀರಿ, ಹೋಗೋಣ" ಎಂದು ಹುಡುಗನ ಅಪ್ಪ ಎದ್ದೇಬಿಟ್ಟರು. ಯಜಮಾನರ ಮುಖ ಬಿಳಿಚಿತು. ಕೋಣೆಯ ಬಾಗಿಲಲ್ಲಿ ಸೀರೆ ಸರಿಮಾಡಿಕೊಳ್ಳುತ್ತಿದ್ದ ಮಗಳ ಕಣ್ಣಲ್ಲಿ ನೀರು. ಹುಡುಗನ ಫೋಟೋವನ್ನು ಅವಳು ಆಗಲೇ ಮೆಚ್ಚಿಕೊಂಡಿದ್ದಳಂತೆ.

ನಾನು ಒಳಗೆ ಓಡಿ, ವೈರ್ ಕಿತ್ತು, ಸ್ಪೀಕರನ್ನು ಕೂಸಿನ ಹಾಗೆ ಎತ್ತಿಕೊಂಡು ಬಂದೆ. "ಬೇಡ ಅಂದಿದ್ದು ಇದು ಸಾರ್! ಹುಡುಗಿ ಅಲ್ಲ!" ಎಂದು ಟಿವಿ ತೋರಿಸಿದೆ. ಪರದೆಯ ಮೇಲೆ ಆ ಇಬ್ಬರೂ ಗದ್ದೆ ಬದುವಿನಲ್ಲಿ ಓಡುತ್ತಿದ್ದರು. ಹುಡುಗನೇ ಮೊದಲು ನಕ್ಕ. ಆಮೇಲೆ ಎಲ್ಲರೂ ನಕ್ಕು ಮತ್ತೆ ಕೂತರು.

ಹುಡುಗನ ಅಜ್ಜಿಗೆ ಮಾತ್ರ ಸಮಾಧಾನವಾಗಲಿಲ್ಲ. "ಹುಡುಗಿ ಬಾಯಲ್ಲೇ ಕೇಳ್ಬೇಕು" ಎಂದು ಪಟ್ಟು ಹಿಡಿದರು.

ಹುಡುಗಿ ಬಂದು, ತಲೆ ತಗ್ಗಿಸಿ, "ಒಪ್ಪಿಗೆ" ಎಂದು ಪಿಸುಗುಟ್ಟಿದಳು.

ಅಜ್ಜಿ ಕಿವಿಗೆ ಕೈ ಅಡ್ಡ ಹಿಡಿದು ಅಂದರು: "ಜೋರಾಗಿ ಹೇಳೇ ತಾಯಿ, ಬೇಡ ಅಂದಾಗ ಎಷ್ಟು ಚೆನ್ನಾಗಿ ಕೇಳಿಸ್ತಿತ್ತು!"