ಲಾಭ, ಎರಡು, ಮೂರು

ಹತ್ತು ಜನ ಸೇರಿ ದುಡಿಯುವ ಜಾಗದಲ್ಲಿ ನಗುವುದಕ್ಕೆ ಯಾರೂ ಬೇರೆ ಏರ್ಪಾಡು ಮಾಡಬೇಕಾಗಿಲ್ಲ. ಒಲೆಯ ಮೇಲಿನ ಹಾಲಿನ ಹಾಗೆ, ನಾವು ಅತ್ತ ತಿರುಗಿದಾಗ ಅದು ತಾನೇ ಉಕ್ಕುತ್ತದೆ. ನಾನು ಒಲೆಯ ಹತ್ತಿರವೇ ಇರುವವಳಾದ್ದರಿಂದ ಹಾಗೆ ಉಕ್ಕಿದ ಕೆಲವನ್ನು ನೋಡಿದ್ದೇನೆ.

ಬಂಗಾರಪೇಟೆಯಿಂದ ಕೆಜಿಎಫ್‌ಗೆ ಹೋಗುವ ರಸ್ತೆಯಲ್ಲಿ ಒಂದು ಕಾರ್ಖಾನೆಯಿದೆ. ಪಾನಿಪೂರಿಯ ಪೂರಿಗಳನ್ನು ಕರಿದು, ಪ್ಯಾಕೆಟ್ ಮಾಡಿ, ಬಾಕ್ಸಿಗೆ ತುಂಬಿ ಊರೂರಿಗೆ ಕಳಿಸುತ್ತಾರೆ. ಅಲ್ಲಿಯ ಕ್ಯಾಂಟೀನು ನನ್ನದು. ನಾನು ಹುಟ್ಟಿದ್ದು ಗದಗದ ಆಚೆಯ ಹಳ್ಳಿಯಲ್ಲಿ. ರೈಲ್ವೆಯಲ್ಲಿದ್ದ ಗಂಡನಿಗೆ ಇಲ್ಲಿಗೆ ವರ್ಗವಾಯಿತು, ಬಂದೆ. ಅವರು ತೀರಿಕೊಂಡ ಮೇಲೂ ವಾಪಸು ಹೋಗಲಿಲ್ಲ. ಅಷ್ಟು ಹೊತ್ತಿಗೆ ನನ್ನ ಟೀ ಇಲ್ಲಿಯವರಿಗೆ ರೂಢಿಯಾಗಿತ್ತು.

ಕ್ಯಾಂಟೀನಿನ ಕಿಟಕಿಯಿಂದ ನೋಡಿದರೆ ಬಾಕ್ಸ್ ಜೋಡಿಸುವ ಜಾಗ ಎದುರಿಗೇ ಕಾಣುತ್ತದೆ. ನೆಲದ ಮೇಲೆ ಪ್ಯಾಲೆಟ್ ಎನ್ನುವ ಮರದ ಹಲಗೆಯ ಮಣೆ. ಅದರ ಮೇಲೆ ಬಾಕ್ಸುಗಳನ್ನು ಆಳೆತ್ತರ ಪೇರಿಸಿ, ಪ್ಲಾಸ್ಟಿಕ್ ಹಾಳೆ ಸುತ್ತಿ, ಲಾರಿಗೆ ಹತ್ತಿಸಬೇಕು. ಆ ಪೇರಿಸುವ ಕೆಲಸಕ್ಕೆ ಒಬ್ಬ ಮೇಸ್ತ್ರಿ ಇದ್ದಾನೆ. ಅಂಚು ಹಿಡಿದು ಕಟ್ಟಿದ ಅವನ ಪೇರಿಕೆ ಲಾರಿ ಗುಂಡಿಗೆ ಬಿದ್ದರೂ ಅಲುಗುವುದಿಲ್ಲ ಎಂದು ಅವನೇ ಹೇಳುತ್ತಾನೆ.

ಒಂದು ದಿನ ಮಾಲೀಕರು ಅವನನ್ನು ಕರೆದು, ಪೇರಿಸುವುದಕ್ಕೆ ರೋಬಾಟ್ ಬರುತ್ತಿದೆ, ಒಂದು ತಿಂಗಳು ನೋಡೋಣ, ಸರಿಯಾಗಿ ನಡೆದರೆ ನೀನು ಗೇಟಿಗೆ ಹೋಗು ಎಂದರು. ಮೇಸ್ತ್ರಿ ನೇರವಾಗಿ ನನ್ನ ಹತ್ತಿರ ಬಂದು ಬೆಂಚಿನ ಮೇಲೆ ಕೂತ.

"ಗೇಟು ಅಂದ್ರೆ ಏನಮ್ಮಾ ಕೆಲ್ಸ? ಬರೋರ್ಗೊಂದು ಸಲಾಮು, ಓಗೋರ್ಗೊಂದು ಸಲಾಮು. ನಂಗೆ ಸುಮ್ನೆ ಕುಂತ್ರೆ ಕೈ ನೋಯ್ತದೆ."

ಒಂಟಿಕೈ

ರೋಬಾಟ್ ಬರುತ್ತದೆ ಎಂದಾಗ ಎಲ್ಲರೂ ಒಬ್ಬ ಮನುಷ್ಯನನ್ನೇ ಕಾದಿದ್ದರು. ತಲೆ, ಕಣ್ಣು, ಎದೆಯ ಮೇಲೆ ದೀಪ. ಮರದ ಪೆಟ್ಟಿಗೆ ಬಿಚ್ಚಿದಾಗ ಒಳಗಿದ್ದದ್ದು ಒಂದು ಕೈ ಮಾತ್ರ. ಭುಜ, ಮೊಣಕೈ, ಮಣಿಕಟ್ಟು ಇತ್ತು. ಬೆರಳಿನ ಬದಲು ಬಾಕ್ಸನ್ನು ಹೀರಿ ಹಿಡಿಯುವ ರಬ್ಬರ್ ಬಟ್ಟಲುಗಳು.

ಜೊತೆಗೆ ಬಂದಿದ್ದ ಎಂಜಿನಿಯರು ಬೆಂಗಳೂರಿನವನು, ಓದಿದವನು, ತಾಳ್ಮೆಯವನು. "ಇದು ಕೋಬಾಟ್. ಮನುಷ್ಯರ ಪಕ್ಕದಲ್ಲೇ ನಿಂತು ಕೆಲಸ ಮಾಡುತ್ತೆ. ಬೇಲಿ ಬೇಡ, ಭಯ ಬೇಡ" ಎಂದು ವಿವರಿಸಿದ.

ಮೇಸ್ತ್ರಿ ಅದನ್ನು ಒಂದು ಸುತ್ತು ಬಂದು, "ಮಿಕ್ಕಿದ್ದು ನಾಳೆ ಬತ್ತದಾ ಸಾರ್?" ಎಂದು ಕೇಳಿದ.

"ಇಷ್ಟೇನೇ."

"ಒಂದೇ ಕೈಯಾ?"

"ಒಂದೇ ಸಾಕು. ಊಟ ಕೇಳಲ್ಲ, ರಜೆ ಕೇಳಲ್ಲ."

ಮೇಸ್ತ್ರಿ ತನ್ನ ಎರಡೂ ಕೈಗಳನ್ನು ಒಮ್ಮೆ ನೋಡಿಕೊಂಡ. "ಬಾಯಿ ಇಲ್ವಲ್ಲ ಸಾರ್, ಎಂಗೆ ಕೇಳ್ತದೆ?"

ಮುಟ್ಟಿದರೆ ಮುನಿ

ಆ ಯಂತ್ರದ ದೊಡ್ಡ ಗುಣವೆಂದರೆ, ಚಲಿಸುವಾಗ ಏನಾದರೂ ತಾಗಿದರೆ ಅಲ್ಲೇ ನಿಂತುಬಿಡುತ್ತದೆ. ಮನುಷ್ಯರಿಗೆ ಪೆಟ್ಟಾಗಬಾರದೆಂದು ಹಾಗೆ ಮಾಡಿದ್ದಾರೆ. ಎಂಜಿನಿಯರು ಪ್ಯಾಕಿಂಗಿನ ಹೆಂಗಸರನ್ನೆಲ್ಲ ಕರೆದು, ಓಡುತ್ತಿರುವ ಕೈಗೆ ತನ್ನ ಎದೆಯನ್ನೇ ಒಡ್ಡಿ ತೋರಿಸಿದ. ಕೈ ಬಂತು, ಅವನ ಅಂಗಿಗೆ ತಾಗಿತು, ಗಪ್ಪನೆ ನಿಂತಿತು. ಕೆಂಪು ದೀಪ ಹತ್ತಿತು.

ಇವರಿಗೆ ಅಷ್ಟು ಸಾಕಾಯಿತು. ನೀರಿಗೆ ಹೋಗುವವಳು ಒಮ್ಮೆ ಮುಟ್ಟಿದಳು, ನೀರು ಕುಡಿದು ಬರುವವಳು ಒಮ್ಮೆ ಮುಟ್ಟಿದಳು. ಒಬ್ಬಳಂತೂ ಕೆನ್ನೆ ಸವರುವ ಹಾಗೆ ಸವರಿ ಹೋದಳು. ಕೆಜಿಎಫ್‌ನ ಊರಿಗಾಂನಿಂದ ಬರುವವರು ಅದನ್ನು ತಮಿಳಿನಲ್ಲಿ ಮಾತಾಡಿಸಿದರು, ಆಂಧ್ರದ ಗಡಿಯ ಕಡೆಯವರು ತೆಲುಗಿನಲ್ಲಿ ಬೈದರು. ಅದು ಯಾವ ಭಾಷೆಗೂ ಜಗ್ಗದೆ ನಿಂತೇ ಇತ್ತು. ಒಬ್ಬಳು ನನ್ನ ಕಡೆ ತಿರುಗಿ ಹೇಳಿದಳು, "ನೀನೂ ಬಂದ ಒಸದ್ರಲ್ಲಿ ಇಂಗೇ ನಿಂತ್ಕಂತಿದ್ದಂತೆ ಕಣಜ್ಜೀ. ಯಾರು ಏನಂದ್ರೂ ಬರೀ ನೋಡೋದು." ನಿಜ. ನನಗೆ ಕೆಂಪು ದೀಪ ಒಂದಿರಲಿಲ್ಲ.

ಎಂಜಿನಿಯರು ಕೈಮುಗಿದು, "ದಯವಿಟ್ಟು ಸುಮ್ಮಸುಮ್ಮನೆ ಮುಟ್ಟಬೇಡಿ. ಏಟು ಬೀಳುವ ಮೊದಲೇ ಕೈ ನಿಲ್ಲಲಿ ಅಂತ ಮಾಡಿರೋದು" ಎಂದ.

ಹಿಂದೆ ನಿಂತಿದ್ದವಳು ಕೇಳಿದಳು. "ಸಾರ್, ಇದ್ರಲ್ಲಿ ಗಂಡಸ್ರಿಗೆ ಆಕೋ ಅಂಥದ್ದು ಬರ್ತದಾ? ಸಂಜೆ ಒತ್ತು ಆಕಿದ್ರೆ ಸಾಕು."

ಹಾರದ ತೂಕ

ಒಳ್ಳೆಯ ದಿನ ನೋಡಿ ಪೂಜೆ ಆಯಿತು. ಮಾಲೀಕರ ತಾಯಿ ತಾವೇ ಬಂದು ಕೈಗೆ ಕುಂಕುಮ ಇಟ್ಟು, ಮಣಿಕಟ್ಟಿಗೆ ರಾಬರ್ಟ್‌ಸನ್‌ಪೇಟೆಯಿಂದ ತಂದ ದಪ್ಪ ಮಲ್ಲಿಗೆ ಹಾರ ಸುತ್ತಿದರು. ಗುಂಡಿ ಒತ್ತಿದರು. ಕೈ ಒಂದು ಗೇಣು ಎದ್ದು ನಿಂತುಬಿಟ್ಟಿತು.

ಎಂಜಿನಿಯರು ಪರದೆ ನೋಡಿ, ಮೆಲ್ಲಗೆ, "ಹಾರದ ಭಾರಕ್ಕೆ ಯಾರೋ ಹಿಡಿದು ಎಳೀತಿದ್ದಾರೆ ಅಂದುಕೊಂಡಿದೆ. ತೆಗೆದುಬಿಟ್ಟರೆ..." ಎಂದ.

ತಾಯಿಯವರು ಅವನನ್ನು ನೋಡಿದ ನೋಟಕ್ಕೆ ಅವನ ಮಾತೂ ನಿಂತಿತು.

ಕೊನೆಗೆ ಅವನೇ ಒಂದು ದಾರಿ ಹುಡುಕಿದ. ಅಂಥದೇ ಇನ್ನೊಂದು ಹಾರ ದೇವರ ಪಟಕ್ಕೆಂದು ತಂದದ್ದು ಇತ್ತು. ಅದನ್ನು ನನ್ನ ಕ್ಯಾಂಟೀನಿನ ತಕ್ಕಡಿಯಲ್ಲಿ ತೂಗಿ, ಅಷ್ಟು ತೂಕ ನಿನ್ನದೇ ಎಂದು ಯಂತ್ರಕ್ಕೆ ಹೇಳಿಕೊಟ್ಟ. ಕೈ ಹಾರ ಹಾಕಿಕೊಂಡೇ ಬಾಕ್ಸ್ ಎತ್ತಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಮಧ್ಯಾಹ್ನದ ಹೊತ್ತಿಗೆ ಮತ್ತೆ ನಿಂತಿತು. ಅವನು ಇನ್ನೊಮ್ಮೆ ತೂಕ ಕೊಟ್ಟ, ಮತ್ತೆ ನಿಂತಿತು. ಪೂಜೆಯ ಹೂವೆಂದರೆ ಪ್ರಸಾದ. ಊಟಕ್ಕೆ ಹೋಗುವವರು, ಬರುವವರು, ಒಬ್ಬೊಬ್ಬರೂ ಒಂದೊಂದು ತುಣುಕು ಕಿತ್ತು ಮುಡಿದುಕೊಂಡಿದ್ದರು. ಕೈಯಲ್ಲಿ ಬರೀ ದಾರ ಉಳಿದಿತ್ತು. ಎಂಜಿನಿಯರು ಪ್ಯಾಕಿಂಗ್ ಹಾಲಿನ ಬಾಗಿಲಲ್ಲಿ ನಿಂತು ಸಾಲುಸಾಲು ಜಡೆಗಳನ್ನು ನೋಡುತ್ತಿದ್ದ. ಹೊಸ ಹುಡುಗ, ಹೀಗೆ ಹೆಂಗಸರ ತಲೆ ನೋಡಿಕೊಂಡು ನಿಲ್ಲುತ್ತಾನೆ ಎಂದು ಸೂಪರ್‌ವೈಸರಿಗೆ ದೂರು ಹೋಯಿತು.

ಮೊದಲನೆಯದು

ಇದಾದ ಮೇಲೆ ಶುರುವಾಯಿತು ನಿಜವಾದ ತೊಂದರೆ.

ಕೈ ಚೆನ್ನಾಗಿಯೇ ಪೇರಿಸುತ್ತಿತ್ತು. ಆದರೆ ಪ್ರತಿ ಹೊಸ ಪ್ಯಾಲೆಟ್ಟಿಗೂ ಮೊದಲ ಬಾಕ್ಸ್ ತಂದು ಮೂಲೆಯ ಹತ್ತಿರ ಬಂದಾಗ ನಿಲ್ಲುತ್ತಿತ್ತು. ಕೆಂಪು ದೀಪ. ಎಂಜಿನಿಯರು ಓಡಿ ಬಂದು ನೋಡಿದರೆ ಮೂಲೆಯಲ್ಲಿ ಆಗಲೇ ಒಂದು ಬಾಕ್ಸ್ ಇರುತ್ತಿತ್ತು. ಅಂದರೆ, ಕೈ ಮೊದಲನೆಯದನ್ನು ಇಟ್ಟು, ಇಟ್ಟದ್ದನ್ನು ಮರೆತು, ಅಲ್ಲೇ ಮತ್ತೊಂದನ್ನು ಇಡಲು ಹೋಗುತ್ತಿದೆ ಎಂದು ಅವನು ತೀರ್ಮಾನಿಸಿದ. ತನ್ನ ಕಂಪನಿಗೆ ಫೋನ್ ಮಾಡಿ, "ಮಿಕ್ಕ ಲೆಕ್ಕ ಎಲ್ಲ ಸರಿ ಇದೆ ಸಾರ್. ಒಂದನ್ನು ಮಾತ್ರ ಮರೀತಿದೆ" ಎನ್ನುತ್ತಿದ್ದ. ಅವರು ಹೇಳಿದಂತೆ ತಂತಿ ಬದಲಾಯಿಸಿದ. ಪರದೆ ಬದಲಾಯಿಸಿದ. ಮೇಸ್ತ್ರಿ ಊಟಕ್ಕೆ ಹೋದಾಗ ತಾನೇ ಪ್ಯಾಲೆಟ್ ಎಳೆದು ತಂದು ನಡೆಸಿ ನೋಡಿದರೆ ಯಂತ್ರ ಸಲೀಸಾಗಿ ಓಡುತ್ತಿತ್ತು. ಮೇಸ್ತ್ರಿ ಬಂದ ಮೇಲೆ ಮತ್ತೆ ನಿಲ್ಲುತ್ತಿತ್ತು.

"ನಿಮ್ಮನ್ನು ಕಂಡರೆ ಇದಕ್ಕೆ ಭಯ ಅನಿಸುತ್ತೆ" ಎಂದ ಎಂಜಿನಿಯರು, ಬೇಸರದಲ್ಲಿ.

"ನಂಗೂ ಅದ್ನ ಕಂಡ್ರೆ ಅಂಗೇ ಸಾರ್" ಎಂದ ಮೇಸ್ತ್ರಿ. ಅವನಿಗೆ ಹಗಲೂ ರಾತ್ರಿ ಗೇಟೇ ಕಣ್ಣ ಮುಂದೆ ಇತ್ತು.

ತಿಂಗಳ ಕೊನೆಗೆ ಮಾಲೀಕರು ತೀರ್ಮಾನ ಮಾಡಲು ಬಂದರು. ಎಂಜಿನಿಯರು, ಸೂಪರ್‌ವೈಸರು, ಎಲ್ಲರೂ ಯಂತ್ರದ ಸುತ್ತ ನಿಂತರು. ನಾನು ಟೀ ತಟ್ಟೆ ಹಿಡಿದು ನಿಂತಿದ್ದೆ. ಮೇಸ್ತ್ರಿ ಕೈಗಾಡಿಯಲ್ಲಿ ಖಾಲಿ ಪ್ಯಾಲೆಟ್ ತಂದು ಇಳಿಸಿದ. ಆಮೇಲೆ, ದಿನವೂ ಮಾಡುವ ಹಾಗೆ, ಪಕ್ಕದಿಂದ ಒಂದು ಬಾಕ್ಸ್ ತೆಗೆದು, ಮೂಲೆಯಲ್ಲಿ ಇಟ್ಟು, ಅದನ್ನು ಮುಟ್ಟಿದ ಬೆರಳು ಕಣ್ಣಿಗೆ ಒತ್ತಿಕೊಂಡು, "ಲಾಭ" ಎಂದ. ಎಂದು ಹಿಂದೆ ಸರಿದ.

ಕೈ ಬಂತು, ಬಾಕ್ಸಿಗೆ ತಾಗಿತು, ನಿಂತಿತು.

ಎಂಜಿನಿಯರು ಮೇಸ್ತ್ರಿಯ ಮುಖ ನೋಡಿದ. ಬಾಕ್ಸ್ ನೋಡಿದ. ಮತ್ತೆ ಮೇಸ್ತ್ರಿಯ ಮುಖ ನೋಡಿದ.

"ಇದನ್ನ ನೀವು ಇಟ್ಟಿದ್ದಾ?"

"ಊಂ ಸಾರ್."

"ದಿನಾ?"

"ಮೊದಲ್ನೇದು ಲಾಭ ಅಲ್ವಾ ಸಾರ್. ಅದ್ನ ಮನುಷ್ಯ್ರೇ ಇಡ್ಬೇಕು. ಆಮ್ಯಾಕೆ ಎರಡು, ಮೂರು, ಅದೆಷ್ಟಾದ್ರೂ ಅದು ಇಟ್ಕಳ್ಳಿ, ನಾನ್ಯಾಕೆ ಬ್ಯಾಡಾನ್ಲಿ?"

ರಾಗಿ ಅಳೆಯುವಾಗ ಮೊದಲ ಸೇರಿಗೆ ಯಾರೂ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ನಮ್ಮ ಗದಗದ ಕಡೆಯೂ ಹಾಗೇ. ನಾನು ದಿನವೂ ಕಿಟಕಿಯಿಂದ ಅವನು ಹಾಗೆ ಮಾಡುವುದನ್ನು ನೋಡಿದ್ದೆ. ಯಂತ್ರದ ಪದ್ಧತಿಯೇ ಹಾಗಿರಬೇಕು ಅಂದುಕೊಂಡಿದ್ದೆ. ನನ್ನನ್ನು ಯಾರೂ ಕೇಳಿರಲಿಲ್ಲ.

ಎಂಜಿನಿಯರು ಒಂದು ತಿಂಗಳ ನಿದ್ದೆಗೆಟ್ಟ ದನಿಯಲ್ಲಿ, "ಸಾರ್, ಇವರಿಗೆ ಇನ್ನು ಮೇಲೆ ಇಡಬೇಡಿ ಅಂತ ಹೇಳಿಬಿಡಿ. ಅಷ್ಟೇ" ಎಂದ.

ಎಲ್ಲರೂ ಮಾಲೀಕರ ಕಡೆ ನೋಡಿದರು. ಅವರ ತಾತ ಬಂಗಾರಪೇಟೆಯಲ್ಲಿ ದವಸದ ಮಂಡಿ ಇಟ್ಟಿದ್ದವರು. ತಮ್ಮದೇ ಕಾರ್ಖಾನೆಯಲ್ಲಿ ನಿಂತು, ಹತ್ತು ಜನರ ಎದುರಿಗೆ, ಲಾಭ ಇಡಬೇಡ ಎಂದು ಯಾವ ವ್ಯಾಪಾರಿ ಬಾಯಲ್ಲಿ ಹೇಳಿಯಾನು?

"ಅದು ಎರಡರಿಂದ ಶುರು ಮಾಡಲಿ" ಎಂದರು.

"ಸಾರ್?"

"ಇಷ್ಟು ದುಡ್ಡು ಕೊಟ್ಟಿದೀನಿ. ಎರಡರಿಂದ ಎಣಿಸೋಕೆ ಬರಲ್ವಾ ಅದಕ್ಕೆ?"

ಮೊದಲ ಬಾಕ್ಸನ್ನು ಯಾರಾದರೂ ಇಡುವವರೆಗೆ ಕೈ ಎತ್ತಿಕೊಂಡು ಕಾಯುವ ಹಾಗೆ, ಇಟ್ಟ ಮೇಲೆ ಎರಡನೆಯದರಿಂದ ಶುರು ಮಾಡುವ ಹಾಗೆ ಎಂಜಿನಿಯರು ಅದಕ್ಕೆ ಕಲಿಸಿದ. ಮೇಸ್ತ್ರಿ ಗೇಟಿಗೆ ಹೋಗಲಿಲ್ಲ. ಬೇಕೆಂದೇ ಹೀಗೆ ಮಾಡಿದೆಯೇನೋ ಎಂದು ನಾನು ಆಮೇಲೆ ಕೇಳಿದೆ.

"ಬೇಕೂಂತ ಮಾಡೋಷ್ಟು ಬುದ್ದಿ ಇದ್ದಿದ್ರೆ ಮೊದಲ್ನೇ ದಿನಾನೇ ಸಾವ್ಕಾರ್ರ ಮುಂದೆ ಲಾಭ ಇಟ್ಟಿರ್ತಿದ್ದೆ ಕಣಮ್ಮಾ" ಎಂದ. "ಒಂದು ತಿಂಗ್ಳು ಸುಮ್ನೆ ಎದೆ ಒಡ್ಕಂಡೆ."

ದೂರದ ಊರಿನ ಕರೆ

ಅದು ಅಲ್ಲಿಗೇ ಮುಗಿಯಬೇಕಿತ್ತು. ಮುಗಿಯಲಿಲ್ಲ. ಎಂಜಿನಿಯರಿನ ಕಂಪನಿಯವರು ಅದೇ ಥರದ ಇನ್ನೊಂದು ಯಂತ್ರವನ್ನು ಉತ್ತರದ ಯಾವುದೋ ಊರಿನ ಹಪ್ಪಳದ ಕಾರ್ಖಾನೆಗೆ ಮಾರಿದರು. ನಮ್ಮದು ಚೆನ್ನಾಗಿ ಓಡುತ್ತಿದ್ದುದರಿಂದ ನಮ್ಮದರ ಬುದ್ಧಿಯನ್ನೇ ಹಾಗೇ ತೆಗೆದು ಅದಕ್ಕೆ ತುಂಬಿದರು.

ಅಲ್ಲಿ ಯಂತ್ರ ಶುರು ಮಾಡಿದರೆ ಅದು ಒಂದು ಬಾಕ್ಸ್ ಎತ್ತಿಕೊಂಡು, ಗಾಳಿಯಲ್ಲಿ ಹಿಡಿದುಕೊಂಡು, ನಿಂತುಬಿಟ್ಟಿತಂತೆ. ಕೆಂಪು ದೀಪವೂ ಇಲ್ಲ, ಸದ್ದೂ ಇಲ್ಲ. ಬೆಳಗಿನಿಂದ ಹಾಗೇ ನಿಂತಿದೆ, ಯಾರಿಗೋ ಕಾಯುವ ಹಾಗೆ ಕಾಣುತ್ತದೆ ಎಂದು ಎಂಜಿನಿಯರಿಗೆ ಫೋನ್ ಬಂತು. ಅವನು ಆ ದಿನ ನಮ್ಮಲ್ಲೇ ಇದ್ದ, ಕ್ಯಾಂಟೀನಿನಲ್ಲಿ ಮೇಸ್ತ್ರಿಯ ಪಕ್ಕ ಕೂತು ಟೀ ಕುಡಿಯುತ್ತಿದ್ದ. ವಿಷಯ ಕೇಳಿ ತಲೆ ಮೇಲೆ ಕೈ ಹೊತ್ತ. ಹೇಗೆ ಹೇಳುವುದೆಂದು ತೋಚದೆ ಫೋನನ್ನು ಮೇಸ್ತ್ರಿಯ ಕೈಗೆ ಕೊಟ್ಟ.

ಮೇಸ್ತ್ರಿಗೆ ಬಂಗಾರಪೇಟೆ ಸಂತೆಯ ಹಿಂದಿ ಬರುತ್ತದೆ. ಅದರಲ್ಲೇ ಗಟ್ಟಿಯಾಗಿ, ಯಾರಾದರೂ ಒಬ್ಬರು ಹೋಗಿ ಮೂಲೆಯಲ್ಲಿ ಒಂದು ಬಾಕ್ಸ್ ಇಟ್ಟು ಲಾಭ ಅನ್ನಿ ಎಂದ. ಆ ಕಡೆ ಗುಸುಗುಸು ಆಯಿತು. ಆಮೇಲೆ ಏನೋ ಕೇಳಿದರು.

ಮೇಸ್ತ್ರಿ ಫೋನಿನ ಮೇಲೆ ಅಂಗೈ ಮುಚ್ಚಿ ಎಂಜಿನಿಯರಿನ ಕಡೆ ತಿರುಗಿದ. "ಸಾರ್, ಅವ್ರ ಕಡೆ ಮೊದಲ್ನೇದಕ್ಕೆ ಲಾಭ ಅನ್ನಲ್ವಂತೆ. ಬರ್ಕತ್ ಅಂತಾರಂತೆ. ಮಿಷನ್ನು ಒಪ್ತದಾ ಅಂತ ಕೇಳ್ತಾವ್ರೆ."

ಯಂತ್ರಕ್ಕೆ ಕಿವಿಯೇ ಇಲ್ಲ ಎಂಬುದು ಎಂಜಿನಿಯರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಆದರೂ ಅವನು ಟೀ ಲೋಟ ಕೆಳಗಿಟ್ಟು, ಗಂಭೀರವಾಗಿ ಒಂದು ಕ್ಷಣ ಯೋಚಿಸಿದ.

"ನಡೆಯುತ್ತೆ ಅನ್ನಿ" ಎಂದ. "ಒಂದು ಅಂತ ಮಾತ್ರ ಅನ್ನಬೇಡಿ ಅಂತ ಹೇಳಿ."