ಮೊದಲು ರೀಡಿಂಗ್, ಆಮೇಲೆ ರಿಪೇರಿ

ಮನೆಗೆ ಬೆಂಕಿ ಬಿದ್ದರೂ ನಮ್ಮ ಮಾಮ ನೀರು ಹಾಕುವ ಮೊದಲು ಐದು ನಿಮಿಷ ರೀಡಿಂಗ್ ತೆಗೆದುಕೊಳ್ಳುತ್ತಾರೆ ಎಂದು ನಾನು ಹೇಳಿದರೆ ನೀವು ನಗುತ್ತೀರಿ. ನಗಿ, ನಗಿ! ನಿಮ್ಮ ಗಂಟೇನು ಹೋಗಬೇಕು? ಅವರು ಇರುವುದು ನಿಮ್ಮ ಮನೆಯ ಮೇಲಿನ ಮಹಡಿಯಲ್ಲಲ್ಲ. ನಮ್ಮ ಮನೆಯ ಮೇಲಿನ ಮಹಡಿಯಲ್ಲಿ. ಹಾಗಾಗಿ ಇದನ್ನು ನಾನು ನಗುತ್ತಾ ಬರೆಯುತ್ತಿಲ್ಲ, ಹಲ್ಲು ಕಡಿಯುತ್ತಾ ಬರೆಯುತ್ತಿದ್ದೇನೆ ಎಂಬುದು ಮೊದಲೇ ನಿಮಗೆ ಗೊತ್ತಿರಲಿ.

ಮಾಮ ಎಂದರೆ ನಮ್ಮ ಅವ್ವನ ಖಾಸಾ ತಮ್ಮ. ಧಾರವಾಡದ ಕಡೆಯಿಂದ ಹರೆಯದಲ್ಲಿ ಹೈದರಾಬಾದಿಗೆ ಬಂದವರು. ಕುಷಾಯಿಗೂಡದ ಹತ್ತಿರದ ದೊಡ್ಡ ಸರ್ಕಾರಿ ಕಾರ್ಖಾನೆಯ ಕಂಪ್ಯೂಟರ್ ರೂಮಿನಲ್ಲಿ ಮೂವತ್ತನಾಲ್ಕು ವರ್ಷ ದುಡಿದು ನಿವೃತ್ತರಾದರು. ಅಂದರೆ, ಕಾರ್ಖಾನೆಯವರು ನಿವೃತ್ತಿ ಮಾಡಿದರು. ಇವರು ಒಪ್ಪಿಕೊಂಡಿಲ್ಲ. ಅಲ್ಲಿ ಕಲಿತ ಒಂದೇ ಮಂತ್ರವನ್ನು ಈಗ ನಮ್ಮೆಲ್ಲರ ಮೇಲೆ ಪ್ರಯೋಗಿಸುತ್ತಿದ್ದಾರೆ: ಮೊದಲು ರೀಡಿಂಗ್, ಆಮೇಲೆ ರಿಪೇರಿ. ಏನೇ ಕೆಟ್ಟರೂ ಮುಟ್ಟುವಂತಿಲ್ಲ! ಅದು ಎಷ್ಟು ಕೆಟ್ಟಿದೆ, ಯಾವ ಹೊತ್ತಿನಲ್ಲಿ ಹೆಚ್ಚು ಕೆಡುತ್ತದೆ ಎಂದು ಬರೆದಿಟ್ಟುಕೊಂಡ ಮೇಲೆಯೇ ಕೈ ಹಚ್ಚಬೇಕು. ಅಷ್ಟು ಹೊತ್ತಿಗೆ ಅದು ಸತ್ತು ಹೋಗಿದ್ದರೆ? ಸತ್ತ ರೀಡಿಂಗ್ ಸಿಗುತ್ತದಲ್ಲ!

ಒಮ್ಮೆ ಅತ್ತೆಗೆ, ಅಂದರೆ ಮಾಮನ ಹೆಂಡತಿಗೆ, ಜ್ವರ ಬಂತು. "ಮೈ ಕೆಂಡ ಆಗೇತ್ರಿ, ಒಂದು ಗುಳಿಗಿ ಕೊಡ್ರಿ," ಎಂದರು ಪಾಪ.

"ಈಗ ಗುಳಿಗಿ ಕೊಟ್ರ ಜ್ವರ ತಾನಾಗೇ ಎಷ್ಟಿತ್ತಂತ ಹೆಂಗ್ ಗೊತ್ತಾಗಬೇಕು? ತಡಿ, ಇನ್ನೆರಡು ರೀಡಿಂಗ್ ಬರ್ಲಿ."

ಬೆಳಗಿನಿಂದ ಕಾಲು ಗಂಟೆಗೊಮ್ಮೆ ಥರ್ಮಾಮೀಟರು. ಮಧ್ಯಾಹ್ನಕ್ಕೆ ಅತ್ತೆ ತಾವೇ ಎದ್ದು, ಆಟೊ ಹಿಡಿದು ಡಾಕ್ಟರ ಬಳಿ ಹೋದರು. ಇವರು ಹಿಂದೆಯೇ ಇನ್ನೊಂದು ಆಟೊದಲ್ಲಿ ಚಾರ್ಟು ಹಿಡಿದುಕೊಂಡು ಹೋದರು. ಡಾಕ್ಟರು ಚಾರ್ಟು ನೋಡಿ ಖುಷಿಯಾಗಿ, "ಇಂಥಾ ಯಜಮಾನರು ಎಲ್ಲಾ ಪೇಷಂಟಿಗೂ ಇರಬೇಕಮ್ಮಾ," ಎಂದರಂತೆ. ಅತ್ತೆ, "ಬೇಕಂದ್ರ ನೀವೇ ಇಟ್ಕೋರಿ," ಎಂದರಂತೆ!

ಮನುಷ್ಯರ ಗತಿಯೇ ಹೀಗಾದರೆ ಇನ್ನು ಕಂಪ್ಯೂಟರಿನ ಗತಿ ಕೇಳಬೇಕೆ? ಅದು ಅವರ ಖಾಸ್ ಇಲಾಖೆ. ಕಂಪ್ಯೂಟರಿನಲ್ಲಿ ಚಿತ್ರವಿಲ್ಲದ, ಬಣ್ಣವಿಲ್ಲದ ಒಂದು ಕಪ್ಪು ಕಿಟಕಿ ಇರುತ್ತದೆ. ನಾವು ನೀವು ತೆರೆಯುವುದಲ್ಲ. ಮಾಮ ತೆರೆಯುತ್ತಾರೆ. ಅದರಲ್ಲಿ ಒಂದು ಸಾಲು ಕಮಾಂಡು ಬರೆದು ಎಂಟರ್ ಒತ್ತಿದರೆ, ಯಂತ್ರ ತನ್ನ ಕಷ್ಟಸುಖವನ್ನು ತಾನೇ ಹೇಳಿಕೊಳ್ಳಲು ಶುರುಮಾಡುತ್ತದೆ. ಪ್ರೊಸೆಸರ್ ಎಷ್ಟು ದುಡಿಯುತ್ತಿದೆ, ಮೆಮೊರಿ ಎಷ್ಟು ಖಾಲಿ ಇದೆ, ಡಿಸ್ಕಿನ ಮೇಲೆ ಎಷ್ಟು ಭಾರ ಬಿದ್ದಿದೆ. ಇಂತಿಷ್ಟು ಸೆಕೆಂಡಿಗೆ ಒಂದು ಸಾಲು ಅಂಕಿ. ಆ ಸಾಲುಗಳನ್ನೆಲ್ಲ ಒಂದು ಫೈಲಿನಲ್ಲಿ ತುಂಬಿಡು ಎಂದರೆ ತುಂಬಿಡುತ್ತದೆ. ಇದನ್ನು ನೋಡುತ್ತಾ ಮಾಮ ಎರಡು ಗಂಟೆ ಕೂತಿರಬಲ್ಲರು. ಮೌಸ್ ಮುಟ್ಟುವುದನ್ನು ಅವರು ಅಡ್ಡದಾರಿ ಎನ್ನುತ್ತಾರೆ.

ನಮ್ಮ ಬೀದಿಯ ಮೂಲೆಯಲ್ಲಿ ಒಂದು ಜೆರಾಕ್ಸ್ ಅಂಗಡಿ ಇದೆ. ಅದರ ಮಾಲೀಕ ಒಂದು ದಿನ, ತನ್ನ ಕಂಪ್ಯೂಟರ್ ಆಗಾಗ ನಿಂತುಹೋಗುತ್ತಿದೆ ಎಂದು ಮಾಮನ ಎದುರಿಗೆ ಬಾಯಿ ಬಿಟ್ಟ. ಪರೀಕ್ಷೆಯ ಸೀಸನ್, ಹಾಲ್ ಟಿಕೆಟ್ ಪ್ರಿಂಟಿಗೆ ಮಕ್ಕಳು ರಸ್ತೆಯವರೆಗೆ ನಿಂತಿದ್ದರು. ಮಾಮ ಕುರ್ಚಿ ಎಳೆದುಕೊಂಡು ಕಪ್ಪು ಕಿಟಕಿ ತೆರೆದರು. ಮೂರು ದಿನ! "ಸಾಬ್, ಕುಛ್ ತೊ ಕರೋ," ಎಂದು ಅವನು ಅಂಗಲಾಚಿದರೆ, "ಮಾಡಾಕತ್ತೀನಲ್ಲೊ ಮಾರಾಯಾ, ರೆಕಾರ್ಡ್ ಮಾಡಾಕತ್ತೀನಿ," ಎಂದು ಅವನಿಗೆ ಅರ್ಥವಾಗದ ಕನ್ನಡದಲ್ಲಿ ಗದರಿಸಿದರು. ನಾಲ್ಕನೆಯ ದಿನ ಅವನು ರೋಸಿಹೋಗಿ ಡಬ್ಬಿ ಬಿಚ್ಚಿದ. ಫ್ಯಾನಿನ ತುಂಬಾ ಧೂಳು, ಮೇಲೊಂದು ಸತ್ತ ಜಿರಳೆ. ಬ್ರಶ್ಶಿನಿಂದ ಗುಡಿಸಿದ, ಕಂಪ್ಯೂಟರ್ ಓಡತೊಡಗಿತು. ಮಾಮ ಮಾತ್ರ ಮುಖ ಸಣ್ಣ ಮಾಡಿಕೊಂಡು ಬಂದರು: "ಜಿರಳಿ ಯಾವಾಗ ಸತ್ತದ್ದಂತ ರೆಕಾರ್ಡ್ ಸಿಗಲಿಲ್ಲ ನೋಡು!" ಇವತ್ತಿಗೂ ಮಾಮ ತಿರುವಿನಲ್ಲಿ ಕಂಡರೆ ಸಾಕು, ಆ ಮಾಲೀಕ ಅಂಗಡಿಯ ಒಳಗಿನಿಂದಲೇ, "ಸಬ್ ಠೀಕ್ ಹೈ ಸಾಬ್! ಅಂತಾ ಬಾಗುಂದಿ!" ಎಂದು, ಎಲ್ಲಾ ಸರಿ ಇದೆ ಎಂಬುದನ್ನು ಎರಡೆರಡು ಭಾಷೆಯಲ್ಲಿ ಕೂಗುತ್ತಾನೆ.

ಇಷ್ಟೆಲ್ಲ ಗೊತ್ತಿದ್ದೂ ನಾನು ಅದೇ ತಪ್ಪು ಮಾಡಿದೆನಲ್ಲ, ನನ್ನ ತಲೆಗೆ ಏನೆನ್ನಬೇಕು?

ನನಗೆ ನಲವತ್ತಮೂರು. ಹನ್ನೆರಡು ವರ್ಷ ನೌಕರಿ ಬಿಟ್ಟು ಮನೆ, ಮಗಳು, ಗಂಡನ ಅಪ್ಪ-ಅವ್ವ ಎಂದು ಇದ್ದವಳು. ಮತ್ತೆ ಕೆಲಸ ಹುಡುಕಲು ಹೋದಾಗ ಕಂಡಕಂಡವರೆಲ್ಲ, "ಈ ಹನ್ನೆರಡು ವರ್ಷ ಏನು ಮಾಡ್ತಿದ್ರಿ ಮೇಡಂ?" ಎಂದು ಕೇಳಿದರು. ಜೈಲಿನಿಂದ ಬಂದವರನ್ನು ಕೇಳುವ ಹಾಗೆ! ಕೊನೆಗೆ ಕೊಂಡಾಪುರದ ಒಂದು ಆಫೀಸಿನವರು ತೆಗೆದುಕೊಂಡರು. ಆಸ್ಪತ್ರೆಯ ಕಾಗದಗಳನ್ನು ಓದಿ, ವಿಮೆಯ ಅರ್ಜಿಗೆ ಸರಿಹೊಂದುತ್ತವೋ ಇಲ್ಲವೋ ಎಂದು ನೋಡುವ ಕೆಲಸ. ಮನೆಯಿಂದಲೇ, ನನ್ನದೇ ಲ್ಯಾಪ್‌ಟಾಪಿನಲ್ಲಿ. ಆರು ತಿಂಗಳು ಪ್ರೊಬೇಷನ್. ಆಮೇಲೆ ಕಾಯಂ ಮಾಡುತ್ತಾರೆ, ಇಲ್ಲವೇ ಮನೆಗೆ ಕಳಿಸುತ್ತಾರೆ. ನಾನು ಕುರ್ಚಿಯಲ್ಲಿ ಇದ್ದೇನೋ ಇಲ್ಲವೋ ಎಂದು ನೋಡಲು ಅವರದೊಂದು ಪ್ರೋಗ್ರಾಮು ಒಳಗೆ ಕೂತಿರುತ್ತದೆ. ಸ್ವಲ್ಪ ಹೊತ್ತು ಕೀಲಿ ಒತ್ತದಿದ್ದರೆ ಗೈರುಹಾಜರಿ. ಐದು ತಿಂಗಳು ನಾನು ನೀರು ಕುಡಿಯುವಾಗಲೂ ಒಂದು ಬೆರಳು ಕೀಲಿಮಣೆಯ ಮೇಲೆ ಇಟ್ಟುಕೊಂಡಿದ್ದೆ. ಈ ಸಲ ಮತ್ತೆ ಮನೆಗೆ ಬಂದು ಕೂತರೆ ಇನ್ನೆಂದೂ ಏಳುವುದಿಲ್ಲ ಎಂದು ನನಗೆ ಗೊತ್ತಿತ್ತು.

ಒಂದು ಭಾನುವಾರ ಮಾಮನಿಗೆ ಚಹಾ ಕೊಡುತ್ತಾ, ಬಾಯಿ ತಪ್ಪಿ ಹೇಳಿಬಿಟ್ಟೆ.

"ಲ್ಯಾಪ್‌ಟಾಪ್ ಯಾಕೋ ಸ್ಲೋ ಆಗೇತ್ರಿ ಮಾಮಾ."

ಮಾಮ ಚಹಾದ ಕಪ್ ಕೆಳಗಿಟ್ಟರು. "ಎಷ್ಟು ಸ್ಲೋ?"

"ಭಾಳ."

"ಭಾಳ ಅಂದ್ರ ಎಷ್ಟು, ತಂಗಿ? ಭಾಳ ಅನ್ನೂದು ನಂಬರ್ ಏನು?"

ಹೋಯಿತು! ಕಪ್ಪು ಕಿಟಕಿ ತೆರೆಯಿತು. ಕಮಾಂಡು ಬಿತ್ತು. "ಇದನ್ನ ಮುಚ್ಚಬ್ಯಾಡ. ಕೆಳಗ ಸರಿಸಿ ಇಡ್ತೀನಿ. ಮೂರು ದಿನ ಇರ್ಲಿ, ಆಮ್ಯಾಲೆ ನೋಡೂಣು. ನೀ ಏನೂ ಆಗಿಲ್ಲ ಅಂದಂಗ ನಿನ್ನ ಕೆಲಸ ಮಾಡು," ಎಂದು ಎದ್ದು ಹೋದರು. ಹದಿನೈದು ಸೆಕೆಂಡಿಗೊಂದು ರೀಡಿಂಗ್ ಸಾಕು ಎಂದು ಆ ಕಂಪ್ಯೂಟರ್ ರೂಮಿನಲ್ಲಿ ಎಲ್ಲರಿಗೂ ಪಾಠ ಹೇಳಿದ ಮನುಷ್ಯ ಇವರು. ನನ್ನ ಲ್ಯಾಪ್‌ಟಾಪಿಗೆ ಮಾತ್ರ ಸೆಕೆಂಡಿಗೊಂದು! ಅದೂ ಒಂದೆರಡು ಅಂಕಿಯಲ್ಲ, ಯಂತ್ರದ ಒಳಗೆ ಅಳೆಯಲು ಸಾಧ್ಯವಿರುವ ಪ್ರತಿಯೊಂದನ್ನೂ! ಫೈಲು ಇಷ್ಟಕ್ಕೆ ನಿಲ್ಲಲಿ ಎಂಬ ಮಿತಿಯನ್ನು ಹಾಕಲೂ ಇಲ್ಲ.

ಸೋಮವಾರ ಯಂತ್ರ ತೆವಳಿತು. ಮಂಗಳವಾರ ಹತ್ತು ಗಂಟೆಗೆ ಪೂರ್ತಿ ನಿಂತಿತು. ಅರ್ಧ ಓದಿದ ಕಾಗದ ಪರದೆಯ ಮೇಲೆ ಹಾಗೇ ಅಂಟಿಕೊಂಡಿತ್ತು. ಒತ್ತಿದ ಕೀಲಿಯೊಂದೂ ಒಳಗೆ ಹೋಗಲಿಲ್ಲ. ಆಫ್ ಮಾಡಿ ಆನ್ ಮಾಡಿದೆ, ಡಿಸ್ಕಿನಲ್ಲಿ ಜಾಗವೇ ಇಲ್ಲ ಎಂದಿತು. ಆಫೀಸಿಗೆ ತಿಳಿಸೋಣವೆಂದರೆ ಅವರ ನಂಬರು, ಮೇಲ್ ಎಲ್ಲ ಅದರೊಳಗೇ ಇದ್ದವು. ಮಾಮನಿಗೆ ಫೋನು ಮಾಡಿದರೆ, ಅವರು ರೂಲು ಹಾಕಿದ ದೊಡ್ಡ ನೋಟ್‌ಬುಕ್ಕು ತರಲು ಕೋಠಿಯ ಪೇಟೆಗೆ ಹೋಗಿ, ಆ ಗದ್ದಲದಲ್ಲಿ ಫೋನು ಕೇಳಿಸದೆ ಅಲೆಯುತ್ತಿದ್ದರು. ಯಾತಕ್ಕೆ ನೋಟ್‌ಬುಕ್ಕು? ನನ್ನ ರೀಡಿಂಗ್ ಬರೆಯಲಿಕ್ಕೆ!

ಮೂರೂವರೆಗೆ ಬಂದರು. ಕೂತು ನೋಡಿದರು. ಅವರ ಫೈಲೇ ಉಬ್ಬಿ ಉಬ್ಬಿ ನನ್ನ ಡಿಸ್ಕನ್ನು ಪೂರ್ತಿ ನುಂಗಿತ್ತು. ಸ್ಲೋ ಯಾಕಾಗಿದೆ ಎಂದು ನೋಡಲು ಬಂದವನೇ ಕತ್ತು ಹಿಸುಕಿದ್ದ. ಒಂದು "ಅಯ್ಯೋ" ಆದರೂ ಬೇಡವೇ? ಅವರ ಬಾಯಿಂದ ಬಂದದ್ದು ಏನು ಗೊತ್ತೆ?

"ಅಬಾಬಾ! ಎಂಥಾ ರೆಕಾರ್ಡ್ ಸಿಕ್ಕೈತಿ ತಂಗಿ!"

"ಮೊದಲ ಅದನ್ನ ಡಿಲೀಟ್ ಮಾಡ್ರಿ ಮಾಮಾ!"

"ಡಿಲೀಟ್? ಕಾಪಿ ಮಾಡ್ಕೊಳ್ದ ಡಿಲೀಟ್?"

ಮೇಲಿನಿಂದ ಇನ್ನೊಂದು ಡಿಸ್ಕು ತಂದು, ಮುಕ್ಕಾಲು ಗಂಟೆ ಕಾಪಿ ಮಾಡಿದರು! ಅಷ್ಟೂ ಹೊತ್ತು ನಾನು ಪಕ್ಕದಲ್ಲಿ ಕುದಿಯುತ್ತಾ ನಿಂತಿದ್ದೆ. ಯಂತ್ರ ಜೀವ ಹಿಡಿದು ಎದ್ದದ್ದೇ ತಡ, ಮ್ಯಾನೇಜರನ ಮೇಲ್ ಕಾಣಿಸಿತು. ಬೆಳಗಿನಿಂದ ಗೈರುಹಾಜರಿ, ಯಾವ ಸೂಚನೆಯೂ ಇಲ್ಲ, ಶುಕ್ರವಾರ ಹನ್ನೊಂದಕ್ಕೆ ಆಫೀಸಿಗೆ ಬಂದು ಕಾರಣ ಹೇಳುವುದು, ಕಾಯಂ ಮಾಡುವ ವಿಷಯ ಅಲ್ಲಿ ತೀರ್ಮಾನ.

ಆಮೇಲೆ ನಾನು ಏನೇನು ಅಂದೆ ಎಂದು ಪೂರ್ತಿ ಬರೆಯಲಾರೆ. ದೊಡ್ಡವರು, ಸಣ್ಣವರು ಎಂಬುದನ್ನು ಮರೆತು ಅಂದೆ. "ನನ್ನ ನೌಕರಿ ಹೋಗಾಕತ್ತೈತಿ, ನಿಮಗ ರೆಕಾರ್ಡಿನ ಸಂಭ್ರಮ! ಜನ್ಮದಾಗ ಒಂದರೆ ರಿಪೇರಿ ಮಾಡೀರೇನು? ಇನ್ನ ಮ್ಯಾಲೆ ನನ್ನ ಮನಿ ಮೆಟ್ಲ ಇಳೀಬ್ಯಾಡ್ರಿ!" ಎಂದೆ. ಮಾಮ ಡಿಸ್ಕನ್ನು ಎದೆಗೆ ಅವುಚಿಕೊಂಡು ಮೆಟ್ಟಿಲು ಹತ್ತಿದರು. ಬುಧವಾರ ಮೇಲಿನಿಂದ ಯಾರೂ ಇಳಿಯಲಿಲ್ಲ. ಗುರುವಾರ ಅತ್ತೆ ಬಂದು, "ಊಟಾ ಸೇರವಲ್ದಾಗೇತಿ ಅವರಿಗೆ," ಎಂದರು. "ಎಷ್ಟು ತುತ್ತು ಬಿಟ್ರಂತ ರೀಡಿಂಗ್ ತಗೊಳ್ಳಿಕ್ಕೆ ಹೇಳ್ರಿ," ಎಂದೆ. ಅಷ್ಟು ಸಿಟ್ಟು! ಆದರೆ ಶುಕ್ರವಾರದ ಸಂಗತಿಯನ್ನು ಅತ್ತೆಗೆ ಹೇಳಿ ಅತ್ತುಬಿಟ್ಟೆ.

ಶುಕ್ರವಾರ ಎರಡು ಬಸ್ಸು ಬದಲಿಸಿ ಕೊಂಡಾಪುರ ಮುಟ್ಟಿದೆ. ಲಿಫ್ಟಿನ ಬಾಗಿಲು ತೆರೆದರೆ, ರಿಸೆಪ್ಷನ್ನಿನ ಸೋಫಾದ ತುದಿಯಲ್ಲಿ ಮಾಮ! ಇಸ್ತ್ರಿ ಮಾಡಿದ ಬಿಳಿ ಶರ್ಟು, ಮಡಿಲಲ್ಲಿ ದಾರ ಕಟ್ಟಿದ ಫೈಲು. ಒಂಬತ್ತಕ್ಕೇ ಬಂದು ಕೂತಿದ್ದಾರಂತೆ. ನನಗೆ ಮೈಯೆಲ್ಲ ಉರಿದುಹೋಯಿತು. ಮನೆ ಹಾಳು ಮಾಡಿದ್ದು ಸಾಲದೆಂದು ಇಲ್ಲಿಗೂ ಬಂದರೆ? ಬೈಯಲು ಬಾಯಿ ತೆರೆಯುವಷ್ಟರಲ್ಲಿ ಮ್ಯಾನೇಜರ್ ನನ್ನನ್ನು ಕರೆದ. ಮಾಮ ನನಗಿಂತ ಮೊದಲು ಎದ್ದು ಒಳಗೆ ನಡೆದರು.

ಮ್ಯಾನೇಜರನಿಗೆ ಮೂವತ್ತೂ ದಾಟಿರಲಿಕ್ಕಿಲ್ಲ. ಮಾಮ ಕೂಡಲಿಲ್ಲ. ನಿಂತೇ ಫೈಲಿನ ದಾರ ಬಿಚ್ಚಿ, ಮೂರು ಹಾಳೆಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟರು. ಇಂಥ ಗಂಟೆಗೆ ಡಿಸ್ಕಿನಲ್ಲಿ ಇಷ್ಟು ಜಾಗ, ಇಂಥ ಗಂಟೆಗೆ ಇಷ್ಟು, ಹತ್ತು ಗಂಟೆಗೆ ಸೊನ್ನೆ. ಪ್ರತಿ ಸಾಲಿನ ಪಕ್ಕ ಅದನ್ನು ತಿಂದ ಫೈಲಿನ ಹೆಸರು. ಕೊನೆಯ ಹಾಳೆ ಅವರ ಕಾರ್ಖಾನೆಯ ರೀತಿಯ ದೋಷವರದಿ. ಅಲ್ಲಿ ಯಂತ್ರ ನಿಂತರೆ ಅಂಥದೊಂದು ವರದಿ ಬರೆಯಲೇಬೇಕಿತ್ತಂತೆ. ಅದರಲ್ಲಿ "ಕಾರಣ" ಎಂಬ ಚೌಕದ ಮನೆಯನ್ನು ಖಾಲಿ ಬಿಡುವಂತಿರಲಿಲ್ಲ. ಅಲ್ಲಿ ಹೆಸರು ಬಿದ್ದವನ ಬಡ್ತಿ ನಿಲ್ಲುತ್ತಿತ್ತು.

ಆ ಮನೆಯಲ್ಲಿ ಮಾಮ ತಮ್ಮ ಪೂರ್ತಿ ಹೆಸರು ಬರೆದು ಸಹಿ ಮಾಡಿದ್ದರು.

"ಮೂವತ್ತನಾಲ್ಕು ವರ್ಷ ಸರ್ವಿಸು ಸರ್," ಎಂದರು ತೆಲುಗಿನಲ್ಲಿ. "ಈ ಮನೆಯಲ್ಲಿ ನನ್ನ ಹೆಸರು ಒಮ್ಮೆಯೂ ಬಂದಿಲ್ಲ. ಇದು ಮೊದಲನೆಯದು. ಹುಡುಗಿ ಕುರ್ಚಿ ಬಿಟ್ಟು ಏಳಲಿಲ್ಲ. ಯಂತ್ರ ಕೊಂದವನು ನಾನು."

ಮ್ಯಾನೇಜರ್ ಹಾಳೆ ನೋಡಿದ, ಮಾಮನನ್ನು ನೋಡಿದ. ಪಕ್ಕದ ಮೇಜಿನವನನ್ನು ಕರೆದ. "ಕಪ್ಪು ಕಿಟಕಿಯಲ್ಲಿ ಟೈಪ್ ಮಾಡಿ ತೆಗೆದದ್ದಂತೆ ಇದು. ಇಂಥವರನ್ನ ಮ್ಯೂಸಿಯಮ್ಮಿನಲ್ಲಿ ಇಡಬೇಕು," ಎಂದು ಇಬ್ಬರೂ ನಕ್ಕರು. ಮಾಮನೂ ಏನು ಮಾಡುವುದೆಂದು ತಿಳಿಯದೆ ಸ್ವಲ್ಪ ನಕ್ಕರು.

ಮಾಮ ಹಾಗೆ ನಕ್ಕದ್ದನ್ನು ನನಗೆ ತಡೆಯಲಾಗಲಿಲ್ಲ. ಮಂಗಳವಾರದಿಂದ ಕೂಡಿಟ್ಟ ಸಿಟ್ಟೆಲ್ಲ ಒಮ್ಮೆಗೇ ಬಂತು, ಆದರೆ ಮಾಮನ ಮೇಲಲ್ಲ.

"ನಗಬೇಡಿ," ಎಂದೆ. ಇಡೀ ಆಫೀಸಿಗೆ ಕೇಳಿಸುವ ಹಾಗೆ ಎಂದೆ. "ನಿಮ್ಮ ಪ್ರೋಗ್ರಾಮು ನನ್ನನ್ನು ಗೈರುಹಾಜರು ಎಂದು ಸುಳ್ಳು ಬರೆಯಿತು. ಅದು ಬಂದು ಸಹಿ ಹಾಕಿತೇನು? ಈ ಮನುಷ್ಯ ಬಂದು ಸಹಿ ಹಾಕಿದ್ದಾರೆ. ಬೇಕಾದರೆ ನನ್ನನ್ನು ಮನೆಗೆ ಕಳಿಸಿ. ಇವರು ನನ್ನ ಮಾಮ, ಇವರನ್ನು ನೋಡಿ ನಗಬೇಡಿ."

ಪಕ್ಕದ ಮೇಜಿನವನು ಮೆಲ್ಲಗೆ ಜಾರಿಕೊಂಡ. ಮ್ಯಾನೇಜರ್ ಕೆಂಪಾಗಿ, "ಸಾರಿ ಅಂಕುಲ್, ಕೂರ್ಚೋಂಡಿ," ಎಂದು ಕುರ್ಚಿ ಎಳೆದುಕೊಟ್ಟ. ಆ ಮಂಗಳವಾರವನ್ನು ಹಾಜರಿ ಮಾಡುತ್ತೇನೆ, ಕಾಯಂ ಮಾಡುವ ವಿಷಯವನ್ನು ಮೇಲಿನವರಿಗೆ ಕೇಳಿ ಹೇಳುತ್ತೇನೆ ಎಂದ. ಮೇಲಿನವರು ಏನು ಹೇಳುತ್ತಾರೋ, ಇದನ್ನು ಬರೆಯುವ ಹೊತ್ತಿಗೂ ನನಗೆ ಗೊತ್ತಿಲ್ಲ.

ಕೆಳಗೆ ಬಂದು ರಸ್ತೆ ದಾಟಲು ನಿಂತೆವು. ಗಾಡಿಗಳು ಒಂದಕ್ಕೊಂದು ಅಂಟಿಕೊಂಡು ಬರುತ್ತಿದ್ದವು. ಮಾಮ ನನ್ನ ಮುಖ ನೋಡದೆಯೇ ಕೇಳಿದರು.

"ನನ್ನ ಮ್ಯಾಲೆ ಸಿಟ್ಟು ಹೋತೇನು ತಂಗಿ?"

"ಇಲ್ಲ," ಎಂದೆ. "ಇನ್ನೂ ಭಾಳ ಐತಿ."

ಹಾಗೆಂದು ಅವರ ಕೈ ಹಿಡಿದುಕೊಂಡೆ. ರಸ್ತೆ ದಾಟಿದ ಮೇಲೂ, ಬಸ್ಸು ಬಂದ ಮೇಲೂ ಬಿಡಲಿಲ್ಲ.